ಒಂದನೇ ಪ್ರಕರಣ

“ಮೇಡಂ, ಆ ಅಜ್ಜ ಚೀಲ ಕೈಬಿಡ್ತಾನೇ ಇಲ್ಲ,” ಎಂದು ಪ್ರತಿಮಾ ಪಿಸುಗುಟ್ಟಿದಳು. “ಒಳಗೆ ಸೀಮೆಎಣ್ಣೆ ಗೀಮೆಎಣ್ಣೆ ಇದ್ರೆ?”

ಭವ್ಯಾ ವೇದಿಕೆಯ ಪರದೆ ಸರಿಸಿ ಇಣುಕಿದಳು. ಕೊನೆಯ ಸಾಲು, ಬಾಗಿಲ ಪಕ್ಕದ ಕುರ್ಚಿ. ಬಿಳಿ ಅಂಗಿ, ಮಾಸಿದ ಪಂಚೆ, ತೊಡೆಯ ಮೇಲೆ ಬಟ್ಟೆಯ ಕೈಚೀಲ. ಹಿಡಿದ ಪರದೆಯನ್ನು ಅವಳು ತಟ್ಟನೆ ಬಿಟ್ಟಳು. ಯಾರು, ಯಾಕೆ ಬಂದಿದ್ದಾರೆ ಎಂದು ಕೇಳುವ ಅಗತ್ಯವೇ ಇರಲಿಲ್ಲ. ಇಂಥವರನ್ನು ಅವಳು ಚೆನ್ನಾಗಿ ಬಲ್ಲಳು.

ಬಲ್ಲಳು ಅಂದರೆ, ಅದೇ ಅವಳ ಕಸುಬು. ಭವ್ಯಾ ಮನಃಶಾಸ್ತ್ರದ ಅಧ್ಯಾಪಕಿ. ಲೈಂಗಿಕತೆ ಮತ್ತು ಲಿಂಗತ್ವದ ವೈವಿಧ್ಯವನ್ನು ಮನಃಶಾಸ್ತ್ರದ ಕಣ್ಣಿನಿಂದ ನೋಡುವ ಸಂಶೋಧನಾ ಪತ್ರಿಕೆಯೊಂದನ್ನು ಕನ್ನಡದಲ್ಲಿ ತಂದೇ ತೀರುತ್ತೇನೆಂದು ಹಟ ಹಿಡಿದವಳು. ಅದರ ಮೊದಲ ಸಂಚಿಕೆ ಇವತ್ತು ಸಾಗರದಲ್ಲಿ ಬಿಡುಗಡೆ. ಮೊದಲು ಒಪ್ಪಿದ್ದ ಸಭಾಂಗಣದವರು ಯಾರದೋ ಬೆದರಿಕೆಯ ಫೋನಿಗೆ ಹೆದರಿ ಬಾಗಿಲು ಹಾಕಿಕೊಂಡರು. ಹೆದರಿಸುವವರಿಗೆ ಪುರುಸೊತ್ತು ಯಾವಾಗಲೂ ಇರುತ್ತದೆ ನೋಡಿ! ಕೊನೆಗೆ ದಕ್ಕಿದ್ದು ಹೋಟೆಲೊಂದರ ಮಹಡಿಯ ಈ ಹಾಲ್. ಬಣ್ಣದ ಕಾಗದ ಸುತ್ತಿ ರಿಬ್ಬನ್ ಕಟ್ಟಿದ ಸಂಚಿಕೆಗಳು ಅತಿಥಿಗಳು ಬಿಚ್ಚಲೆಂದು ಮೇಜಿನ ಮೇಲೆ ಕಾಯುತ್ತಿದ್ದವು.

ಸಂಚಿಕೆಯ ಮೊದಲ ಲೇಖನ ಅವಳದೇ. ಹುಟ್ಟಿದ ಲಿಂಗಕ್ಕೆ ಒಗ್ಗದೆ ಮನೆ ಬಿಟ್ಟ ಮಕ್ಕಳನ್ನು ಹುಡುಕಿಕೊಂಡು ಬರುವ ಅಪ್ಪಂದಿರ ಬಗ್ಗೆ. ಒಂದನೇ ಪ್ರಕರಣ ಹೊಸನಗರದ ಕಡೆಯ ಹುಡುಗನದು. ಹನ್ನೆರಡನೇ ವಯಸ್ಸಿನಲ್ಲಿ ಅಮ್ಮನ ಧಾರೆ ಸೀರೆ ಉಟ್ಟು ಕನ್ನಡಿಯ ಮುಂದೆ ನಿಂತಿದ್ದ. ಅಪ್ಪ ನೋಡಿದ. ಹಿಡಿದೆಳೆದ ರಭಸಕ್ಕೆ ಸೀರೆಯ ಸೆರಗು ಪರ್ರೆಂದು ಹರಿಯಿತು. ಆಮೇಲೆ ಬೆನ್ನಿನ ಚರ್ಮವೂ ಸುಲಿಯಿತು. ದೊಡ್ಡವನಾದ ಮೇಲೆ ಹುಡುಗ ಮನೆ ಬಿಟ್ಟ. ಅವನ ಹೆಸರು ಲೇಖನದಲ್ಲಿರಲಿಲ್ಲ. ಹೆಸರು ಮುಚ್ಚಿಡುವುದು ಇಂಥ ಪತ್ರಿಕೆಯ ಧರ್ಮ. ಸಹಸಂಪಾದಕಿ ಪ್ರತಿಮಾಗೂ ಭವ್ಯಾ ಅದನ್ನು ಹೇಳಿರಲಿಲ್ಲ. ಹುಡುಕಿಕೊಂಡು ಬರುವ ಅಪ್ಪಂದಿರು ಮಕ್ಕಳನ್ನು ಎಳೆದೊಯ್ಯುವುದು ಮಂತ್ರವಾದಿಯ ಹತ್ತಿರಕ್ಕೆ, ಇಲ್ಲವೇ ಮದುವೆ ಮಂಟಪಕ್ಕೆ ಎಂದು ಲೇಖನ ಕಡ್ಡಿ ಮುರಿದಂತೆ ಹೇಳಿತ್ತು.

ಭವ್ಯಾ ಕೊನೆಯ ಸಾಲಿಗೆ ನಡೆದಳು. ಮುದುಕನ ಎದುರಿಗೆ ಹೋಗಲಿಲ್ಲ. ಪಕ್ಕದಲ್ಲಿ, ಒಂದು ಕುರ್ಚಿಯ ಹಿಂದೆ ನಿಂತಳು. ಪ್ರತಿಮಾ ಅವಳ ಬೆನ್ನಿಗಿದ್ದಳು.

“ಯಾರು ಬೇಕಿತ್ತು?” ಭವ್ಯಾ ತಗ್ಗಿದ ದನಿಯಲ್ಲಿ ಕೇಳಿದಳು.

ಆತ ದನಿ ಬಂದ ಕಡೆ ತಿರುಗಿದ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. “ನಾನು ಭೂತಪ್ಪ ಅಂತ ಕಣಮ್ಮ. ಇಂಥ ಮಕ್ಳ ವಿಷ್ಯದಲ್ಲಿ ಇಲ್ಲಿ ಎಂಥದೋ ಪುಸ್ತಕ ಮಾಡ್ತಾರೆ, ಎಲ್ಲ ಸೇರ್ತಾರೆ ಅಂತ ಪೇಪರ್ ಓದೋರು ಹೇಳಿದ್ರು. ನಮ್ಮ ಮಗೂನೂ ಬಂದಿರ್ಬೋದಾ ಅಂತ ಬಂದೆ. ಕುಮಾರ ಅಂತ ಹೆಸ್ರು. ನಂಗೆ ಕಣ್ಣು ಮಂಜು. ಬಂದ್ರೆ ಒಂಚೂರು ಕರೀತೀರಾ?”

“ಕರೆದ್ರೆ ಏನು ಮಾಡ್ತೀರಿ?” ಪ್ರತಿಮಾ ಬಾಯಿ ಹಾಕಿದಳು.

“ಮನೆಗೆ ಕರ್ಕೊಂಡು ಹೋಗ್ತೀನಿ. ಎಲ್ಲ ತಯಾರಿ ಮಾಡ್ಕೊಂಡೇ ಬಂದಿದೀನಿ,” ಎಂದು ಆತ ಚೀಲ ತಟ್ಟಿದ. ಪ್ರತಿಮಾ ಹಿಂದೆ ಸರಿದಳು. “ಅವರಮ್ಮ ಮಾಸ್ತಮ್ಮ ಹೋದ ಗೌರಿ ಹಬ್ಬದ ಹಿಂದಿನ ದಿನ ತೀರ್ಕೊಂಡ್ಲು. ಕರ್ಕೊಂಡು ಬನ್ನಿ ಅಂತ ನನ್ ಕೈ ಹಿಡ್ದು ಹೇಳಿ ಹೋದ್ಲು.”

ಭವ್ಯಾ ಕುರ್ಚಿಯ ಬೆನ್ನನ್ನು ಬಿಗಿಯಾಗಿ ಹಿಡಿದುಕೊಂಡಳು. ಒಂದು ಮಾತು ನಾಲಗೆಯ ತುದಿಯವರೆಗೆ ಬಂತು. ಆದರೆ ತಯಾರಿ ಅಂದನಲ್ಲ! ಲೇಖನಕ್ಕಾಗಿ ಎಷ್ಟೋ ಜನರ ಬಾಯಲ್ಲಿ ಅವಳು ಆ ಶಬ್ದ ಕೇಳಿದ್ದಳು. ಆ ತಯಾರಿಯಲ್ಲಿ ಹಗ್ಗ, ಬೀಗ, ಬೇವಿನ ಸೊಪ್ಪು ಇರುತ್ತಿದ್ದವು. ಎಂಥ ತಯಾರಿ ಎಂದು ಅವಳು ಕೇಳಲಿಲ್ಲ. ಬೇರೆ ಯಾರದೋ ಅಪ್ಪನ ಸಂದರ್ಶನವಾಗಿದ್ದರೆ ಮೊದಲು ಅದನ್ನೇ ಕೇಳುತ್ತಿದ್ದಳು.

“ಕುಮಾರ ಈಗಿಲ್ಲ,” ಎಂದಳು. “ತೀರಿಹೋಗಿ ಬಹಳ ವರ್ಷ ಆಯ್ತು.”

ಮುದುಕ ಅಳಲಿಲ್ಲ. ಚೀಲವನ್ನು ಎದೆಗೆ ಒತ್ತಿಕೊಂಡ. “ಇದ್ದಾಗ ಹೊತ್ತುಹೊತ್ತಿಗೆ ಊಟ ಗೀಟ ಸಿಕ್ತಿತ್ತಾ?” ಎಂದ.

“ಸಿಕ್ತಿತ್ತು.”

“ನನ್ ಮೇಲೆ ಸಿಟ್ಟಿತ್ತಾ?”

ಅವಳು ಗೋಡೆಯ ಗಡಿಯಾರ ನೋಡಿದಳು. “ಹೊಸನಗರದ ಬಸ್ಸಿಗೆ ಹೊತ್ತಾಯ್ತು. ಅದು ತಪ್ಪಿದ್ರೆ ನಿಮ್ಮೂರಿಗೆ ಬೇರೆ ಬಸ್ಸಿಲ್ಲ. ಹೊರಡಿ,” ಎಂದಳು.

ಭೂತಪ್ಪ ಎದ್ದ. ಚೀಲವನ್ನು ತಡಕಾಡಿ ಅವಳ ಕೈಗಿಟ್ಟ. “ಇದಿನ್ನು ನಂಗ್ಯಾಕೆ? ಇಲ್ಲಿರೋ ಯಾರಿಗಾದ್ರೂ ಆಗತ್ತೆ, ಕೊಟ್ಬಿಡಿ ತಾಯಿ.” ಗೋಡೆ ಸವರಿಕೊಂಡು ಮೆಟ್ಟಿಲು ಇಳಿದು ಹೋದ.

ಅತ್ತ ಮೈಕಿನಲ್ಲಿ ಕರೆ ಬಂತು. ಸಂಪಾದಕರು ವೇದಿಕೆಗೆ ಬರಬೇಕಂತೆ. “ಮೊದ್ಲು ಇದರಲ್ಲಿ ಏನಿದೆ ನೋಡಿ ಮೇಡಂ, ನಂಗೆ ಯಾಕೋ ಹೆದರಿಕೆ,” ಎಂದು ಪ್ರತಿಮಾ ಬಿಡಲಿಲ್ಲ. ಭವ್ಯಾ ಚೀಲದ ಬಾಯಿ ಬಿಚ್ಚಿದಳು.

ಹಗ್ಗ ಇರಲಿಲ್ಲ. ತೆಂಗಿನಕಾಯಿ, ಅರಿಶಿನ ಕುಂಕುಮದ ಪೊಟ್ಟಣ, ಹಸಿರು ಗಾಜಿನ ಬಳೆ, ಅಕ್ಕಿಯ ಗಂಟು. ತಳದಲ್ಲಿ ಮಡಿಸಿಟ್ಟ ಧಾರೆ ಸೀರೆ. ಅದರ ಹರಿದ ಸೆರಗನ್ನು ಯಾರೋ ಸಣ್ಣ ಸಣ್ಣ ಹೊಲಿಗೆ ಹಾಕಿ ಕೂಡಿಸಿದ್ದರು.

“ಇದು ಮಡಿಲು ತುಂಬೋ ಸಾಮಾನಲ್ವಾ?” ಪ್ರತಿಮಾಗೆ ಏನೂ ಅರ್ಥವಾಗಲಿಲ್ಲ. “ಮಗನ್ನ ಕರ್ಕೊಂಡು ಹೋಗೋಕೆ ಬಂದೋರು ಮಗಳಿಗೆ ಕೊಡೋದನ್ನ ಯಾಕೆ ತಂದ್ರು?”

ಭವ್ಯಾ ಆಗಲೇ ಮೆಟ್ಟಿಲು ಇಳಿಯುತ್ತಿದ್ದಳು.

“ಅಪ್ಪಾ! ನಾನೇ ಅಪ್ಪಾ, ನಾನೇ!” ಎಂದು ಕೂಗುತ್ತ, ಆ ಸೀರೆಯನ್ನು ಎದೆಗವಚಿಕೊಂಡು ಅವಳು ಹೋಟೆಲಿನ ಎದುರಿನಿಂದ ಹೊರಟ ಬಸ್ಸಿನ ಹಿಂದೆ ಓಡಿದಳು. ಇಂಜಿನ್ನಿನ ಸದ್ದಿನಲ್ಲಿ ಮಾತು ಕೇಳಿಸದೆ, ಮಂಜುಗಣ್ಣಿಗೆ ಬರೀ ಆಕೃತಿ ಕಂಡು, ಕಿಟಕಿಯಲ್ಲಿದ್ದ ಭೂತಪ್ಪ, ಯಾರೋ ಪುಣ್ಯಾತ್ಗಿತ್ತಿ ತನ್ನನ್ನು ಕಳಿಸಿಕೊಡಲು ಬಂದಳೆಂದು ತಿಳಿದು, ಕೈ ಮುಗಿದ.