ಮಾರಾಟಕ್ಕಿದ್ದ ರೋಟರಿ ಎಂಜಿನ್

ವಾಮನಮೂರ್ತಿ ಮನೆಯ ಹಿಂದಿನ ಶೆಡ್ಡಿನಲ್ಲಿ ಕೈಯಾರೆ ಕಟ್ಟುತ್ತಿದ್ದ ಎರಡು ಸೀಟಿನ ವಿಮಾನಕ್ಕೆ ರೆಕ್ಕೆ, ಬಾಲ ಎಲ್ಲ ಕೂಡಿಸಿ ಆಗಿತ್ತು. ಎಂಜಿನ್ ಒಂದೇ ಬಾಕಿ. ಪಕ್ಕದ ಸೀಟಿನಲ್ಲಿ ಮಗಳು ಕೂರುವವಳಿದ್ದಳು. ಹಾಗಾಗಿ ಯಾರ ಮಾತನ್ನೂ ಅವನು ಸುಲಭಕ್ಕೆ ನಂಬುತ್ತಿರಲಿಲ್ಲ.

ಮಾರಲು ಒಂದು ಎಂಜಿನ್ ಇದೆ ಎಂದು ಕೇಳಿ ಊರಾಚೆಯ ಮನೆಯೊಂದಕ್ಕೆ ಹೋದ. ಮನೆಯಾಕೆ ಗ್ಯಾರೇಜಿನಲ್ಲಿ ಹೊದಿಕೆ ಸರಿಸಿ ತೋರಿಸಿದ್ದು ರೋಟರಿ ಎಂಜಿನ್. ಪಿಸ್ಟನ್ ಇಲ್ಲ, ಒಳಗೆ ಮೂರು ಮೂಲೆಯ ರೋಟರ್ ಗಿರಗಿರನೆ ತಿರುಗುವಂಥದ್ದು. ಅವನು ಟಾರ್ಚ್ ಬೆಳಕು ಬಿಟ್ಟು ಸಂದುಗೊಂದನ್ನೆಲ್ಲ ನೋಡಿದ.

“ಇದು ವಿಪರೀತ ಬಿಸಿಯಾಗುತ್ತೆ ಅಂತಾರಲ್ಲಮ್ಮಾ?”

“ಅನ್ನೋರು ಅಂತಾರೆ. ನಮ್ಮನೆಯವರು ಎರಡು ವರ್ಷ ಇದರಲ್ಲೇ ಹಾರಾಡಿದ್ರು.”

“ಗಾಳಿಯಲ್ಲಿ ಯಾವತ್ತಾದ್ರೂ ನಿಂತಿತ್ತಾ?”

“ಇಲ್ಲ.”

ಉತ್ತರ ತೀರಾ ಬೇಗ ಬಂತು ಅನ್ನಿಸಿತು ಅವನಿಗೆ. ಟಾರ್ಚ್ ಆರಿಸಿದ.

“ಬೇಜಾರು ಮಾಡ್ಕೋಬೇಡಿ. ನಿಮ್ಮ ಯಜಮಾನ್ರು ವಿಮಾನ ಬಿದ್ದೇ ತೀರ್ಕೊಂಡ್ರು ಅಂತ ಕೇಳಿದೀನಿ.”

“ಹೌದು. ಮೇಲೆ ಎಂಜಿನ್ ನಿಂತುಹೋಯ್ತು.”

“ಈಗ ತಾನೇ ಇಲ್ಲ ಅಂದ್ರಿ! ಬಿದ್ದಿದ್ದನ್ನೇ ರಿಪೇರಿ ಮಾಡಿಸಿ, ಬಣ್ಣ ಹೊಡೆಸಿ ನನ್ನ ತಲೆಗೆ ಕಟ್ತಿದೀರಾ? ಅದರಲ್ಲಿ ನನ್ನ ಮಗಳು ಕೂತ್ಕೋತಾಳಮ್ಮಾ.”

ಆಕೆ ಎಂಜಿನ್ನಿನ ಮೇಲೆ ಕೈಯಿಟ್ಟಳು.

“ಇದು ನಿಲ್ಲಲಿಲ್ಲ ಸಾರ್. ನಿಮ್ಮ ಹಾಗೇ ಅವರಿಗೂ ಇದರ ಮೇಲೆ ಅನುಮಾನ ಹತ್ಕೊಂಡಿತ್ತು. ಇದನ್ನ ಬಿಚ್ಚಿಟ್ಟು, ಎಲ್ಲರೂ ನಂಬೋ ಎಂಜಿನ್ ಹಾಕಿಸ್ಕೊಂಡು ಹಾರಿದ್ರು.”