ಇಳಿಯದ ಕಾಡಿಗೆ

"ಕಣ್ ಬಿಡ್ಬೇಡ," ಎಂದಳು ಪ್ರಭಾವತಿ.

ಜಲಜ ಬಿಡಲಿಲ್ಲ. ಅತ್ತೆಯ ಬೆರಳು ಎಡಗಣ್ಣಿನ ಕೆಳಗೆ ತಗಲಿದಾಗ ಮಾತ್ರ ಹಲ್ಲು ಕಚ್ಚಿದಳು. ಮೂರು ದಿನದ ಹಿಂದೆ ಗಂಡನ ಮುಷ್ಟಿ ಬಿದ್ದ ಜಾಗ. ಊತ ಹೋಗಿತ್ತು, ನೀಲಿ ಹೋಗಿರಲಿಲ್ಲ.

ಗಂಡ ಗೋವರ್ಧನ ಬಾಗಿಲಿಗೆ ಅಡ್ಡ ನಿಂತು ಅಂಗಿಯ ತೋಳು ಮಡಚುತ್ತಿದ್ದ. ಅವತ್ತು ಉಪ್ಪುಂದದಲ್ಲಿ ಜಲಜಳ ತಂಗಿ ವನಜಳ ಮದುವೆ. ಹೆಂಡತಿಯನ್ನು ಕರೆದೊಯ್ಯದಿದ್ದರೆ ಜನ ಕೇಳುತ್ತಾರೆ. ಕರೆದೊಯ್ದರೆ ಮುಖ ನೋಡುತ್ತಾರೆ.

"ಅಮ್ಮ, ಒಬ್ಬರಿಗೂ ಗೊತ್ತಾಪುಕಾಗ," ಎಂದ.

"ನನ್ನ ಕೈ ಎಂಥದ್ದ್ ಅಂದೇಳಿ ನಿಂಗೆ ಗೊತ್ತಿಲ್ಯಾ?" ಪ್ರಭಾವತಿ ತಲೆಯೆತ್ತದೆ ಹೇಳಿದಳು. "ಇವತ್ತ್ ಮದಿ ಮನೆಯಂಗೆ ಎಲ್ಲರೂ ಇವಳ ಕಣ್ಣನ್ನೇ ಕಾಣ್ಕ್. ಹಾಂಗ್ ಮಾಡ್ತೆ."

ಗೋವರ್ಧನನಿಗೆ ಸಮಾಧಾನವಾಯಿತು. ಅಮ್ಮನ ಕೈ ಅವನಿಗೆ ಮಾತ್ರವಲ್ಲ, ನಾವುಂದದಿಂದ ಬೈಂದೂರಿನವರೆಗೆ ಎಲ್ಲರಿಗೂ ಗೊತ್ತಿತ್ತು. ಒಂದು ಕಾಲದಲ್ಲಿ ಮದುಮಗಳ ಕಣ್ಣು ತೀಡಲು ಅವಳನ್ನೇ ಕರೆಯುತ್ತಿದ್ದರು. ಹರಳೆಣ್ಣೆ ದೀಪದ ಮೇಲೆ ತಾಮ್ರದ ತಟ್ಟೆ ಕವುಚಿ ಕಪ್ಪು ಹಿಡಿಯುವಳು. ರೆಪ್ಪೆಗೆ ಮೊದಲು ನಯವಾದ ಅಕ್ಕಿಹಿಟ್ಟು ಒತ್ತಿ, ಮೇಲೆ ಕಾಡಿಗೆ, ಅದರ ಮೇಲೆ ಮತ್ತೆ ಹಿಟ್ಟು, ಮತ್ತೆ ಕಾಡಿಗೆ. ಕೊನೆಗೆ ಮೆತ್ತನೆ ಬಟ್ಟೆಯಲ್ಲಿ ಅಂಚು ಹರಡಿದರೆ ಕಣ್ಣಿನ ಸುತ್ತ ತೆಳ್ಳಗೆ ಹೊಗೆಯಾಡಿದ ಹಾಗೆ ಕಾಣುತ್ತಿತ್ತು. ಗಂಡನ ಮನೆಗೆ ಹೊರಡುವ ಹೊತ್ತಿನಲ್ಲಿ ಹುಡುಗಿ ಎಷ್ಟು ಅತ್ತರೂ ಕೆನ್ನೆಗೆ ಒಂದು ಗೆರೆ ಇಳಿಯುತ್ತಿರಲಿಲ್ಲ. ಪ್ರಭಾವತಿ ತಾನೂ ಹಾಗೇ ತೀಡಿಕೊಂಡು ಓಡಾಡುತ್ತಿದ್ದಳಂತೆ. ಗಂಡ ಹೋದ ಮೇಲೆ ಅವಳೂ ಹಚ್ಚಲಿಲ್ಲ, ಮದುವೆ ಮನೆಯವರೂ ಕರೆಯಲಿಲ್ಲ. ಹೆಸರು ಮಾತ್ರ ಉಳಿದಿತ್ತು.

ಅತ್ತೆ ಬೆರಳ ತುಂಬ ಕಾಡಿಗೆ ತೆಗೆದು ಹಚ್ಚುತ್ತಲೇ ಇದ್ದಳು. ರೆಪ್ಪೆಯೆಲ್ಲ ಜಿಡ್ಡು ಜಿಡ್ಡಾಯಿತು. ಎಣ್ಣೆ ಹೆಚ್ಚಾಯಿತೇನೋ ಎಂದು ಜಲಜಳಿಗೆ ಅನಿಸಿತು. ಕೇಳುವ ಧೈರ್ಯವಿರಲಿಲ್ಲ. ಮೂರು ವರ್ಷದಲ್ಲಿ ಈ ಹೆಂಗಸು ಒಮ್ಮೆಯೂ ಮಗನ ಕೈ ತಡೆದವಳಲ್ಲ. ಹೊಡೆತ ಬೀಳತೊಡಗಿದರೆ ಮಗುವನ್ನೆತ್ತಿಕೊಂಡು ಹಿತ್ತಲಿಗೆ ಹೋಗುವಳು. ಎಲ್ಲ ಮುಗಿದ ಮೇಲೆ ಒಳಗೆ ಬಂದು ಗಂಜಿ ಬಡಿಸುವಳು.

"ಆಯ್ತ್. ಏಳ್."

ಕನ್ನಡಿಯಲ್ಲಿ ಎರಡು ದೊಡ್ಡ ಕಪ್ಪು ಕಣ್ಣುಗಳು. ನೀಲಿ ಎಲ್ಲೂ ಕಾಣಲಿಲ್ಲ. ಅಷ್ಟು ಚೆಂದ ಕಂಡದ್ದಕ್ಕೇ ಜಲಜಳಿಗೆ ಭಯವಾಯಿತು.

ಅವಳು ಒಂದೂವರೆ ವರ್ಷದ ಗೋಪಿಯನ್ನು ಎತ್ತಿಕೊಳ್ಳಲು ಬಗ್ಗಿದಳು. ಗೋವರ್ಧನ ಕಾಲು ಅಡ್ಡ ಇಟ್ಟ. "ಮಗು ಇಲ್ಲೇ ಇರ್ಲಿ. ಅಲ್ಲಿ ಬಾಯಿ ಬಿಟ್ಟ್ಯೋ, ಇದರ ಮುಖ ಮತ್ತೆ ಕಾಣುಕಿಲ್ಲೆ."

ಜಲಜ ಅತ್ತೆಯ ಕಡೆ ನೋಡಿದಳು.

"ಹೌದ್, ನನ್ನ ಹತ್ರವೇ ಇರ್ಲಿ," ಎಂದು ಪ್ರಭಾವತಿ ಮಗುವನ್ನೆತ್ತಿ ಸೊಂಟಕ್ಕೆ ಇಟ್ಟುಕೊಂಡಳು.

ಉಪ್ಪುಂದ ಒಂದು ಬಸ್ಸು ಹತ್ತಿ ಇಳಿಯುವಷ್ಟೇ ದೂರ. ಆದರೂ ಜಲಜ ತವರಿಗೆ ಬಂದು ಎರಡು ವರ್ಷವಾಗಿತ್ತು; ಹೆರಿಗೆಗೂ ಕಳಿಸಿರಲಿಲ್ಲ. ಚಪ್ಪರದಲ್ಲಿ ಹೆಂಗಸರು ಅವಳನ್ನು ಸುತ್ತಿಕೊಂಡರು. "ಎಂತ ಚಂದ ಕಣ್ಣ್ ಮಾರಾಯ್ತಿ! ನಿನ್ನತ್ತೆ ಕೈಯ್ಯಾ?"

ಅಣ್ಣ ಚಂದಯ್ಯ ಬೆವರೊರೆಸುತ್ತ ಬಂದ. "ಸೌಖ್ಯವಾ ತಂಗಿ?"

ಗೋವರ್ಧನ ಎರಡು ಮಾರು ದೂರದಲ್ಲಿ ನಿಂತಿದ್ದ.

"ಸೌಖ್ಯ ಅಣ್ಣಯ್ಯ."

ಎಪ್ರಿಲ್ ತಿಂಗಳ ಸೆಕೆ. ಬೆನ್ನ ಹಿಂದೆ ಅನ್ನದ ಒಲೆಗಳು. ಧಾರೆ ಎರೆಯುವಾಗ, ತೀರಿಹೋದ ಅಪ್ಪನ ಜಾಗದಲ್ಲಿ ಅಣ್ಣ ನಿಂತದ್ದನ್ನು ಕಂಡು ಜಲಜಳ ಕಣ್ಣು ತುಂಬಿತು. ಏನೋ ಕೆನ್ನೆಯ ಮೇಲೆ ಹರಿದ ಹಾಗಾಯಿತು. ಮುಟ್ಟಿ ನೋಡಿದಳು. ಬೆರಳು ಕಪ್ಪು.

ಗಾಬರಿಯಿಂದ ಸೆರಗಿನಲ್ಲಿ ಒರೆಸಿದಳು. ಒರೆಸಿದಷ್ಟೂ ಕಾಡಿಗೆ ಬೆಣ್ಣೆಯ ಹಾಗೆ ಜಾರಿ ಬಂತು, ಕೆಳಗಿನ ನೀಲಿ ಬಯಲಾಯಿತು. ಪಕ್ಕದ ಹೆಂಗಸಿನ ಮಾತು ನಿಂತಿತು. ಆಮೇಲೆ ಅದರಾಚೆಯವಳದ್ದು. ಧಾರೆ ಮುಗಿದದ್ದೇ ಚಂದಯ್ಯ ಒದ್ದೆ ಕೈಯಲ್ಲೇ ತಂಗಿಯ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದ.

"ಬಾವಿಕಟ್ಟೆ ಹತ್ರ ಜಾರಿ ಬಿದ್ದದ್ದ್," ಎಂದ ಗೋವರ್ಧನ.

"ಹೌದ್ ಅಣ್ಣಯ್ಯ. ಬಿದ್ದದ್ದ್," ಎಂದಳು ಜಲಜ.

ಚಂದಯ್ಯ ಭಾವನ ಮುಖವನ್ನೇ ನೋಡಿದ. "ನೀನಿನ್ನ್ ಆ ಮನೆಗೆ ಹೋಪುದ್ ಬೇಡ, ತಂಗಿ."

ಈ ಮಾತಿಗಾಗಿ ಅವಳು ಮೂರು ವರ್ಷ ಕಾದಿದ್ದಳು. ಈಗ ಅದನ್ನು ಕೇಳಿದ್ದೇ ತಲೆ ಅಡ್ಡಡ್ಡ ಆಡಿಸಿದಳು. "ಇಲ್ಲ ಅಣ್ಣಯ್ಯ, ನಾನ್ ಹೋಯ್ಕ್. ಗೋಪಿಯನ್ನ್ ಬಿಟ್ಟ್ ನಾನ್ ಹ್ಯಾಂಗಿಪ್ಪುದ್?"

"ಕೇಳಿದ್ರಲ್ಲ?" ಗೋವರ್ಧನ ಎಲ್ಲರಿಗೂ ಕೇಳುವ ಹಾಗೆ ಹೇಳಿದ. "ಮಗು ಬೇಕಾರೆ ಬತ್ತಳ್." ಅವನು ರಸ್ತೆಯ ಕಡೆ ನಡೆದ. ತಿರುಗಿಯೂ ನೋಡಲಿಲ್ಲ. ಅಣ್ಣನ ಕೈ ಬಿಡಿಸಿಕೊಂಡು ಜಲಜ ಅವನ ಹಿಂದೆ ಹೆಜ್ಜೆ ಹಾಕಿದಳು.

ಚಪ್ಪರದ ಬಾಯಲ್ಲಿ ಗೋವರ್ಧನ ಗಕ್ಕನೆ ನಿಂತ.

ರಸ್ತೆಯಿಂದ ಪ್ರಭಾವತಿ ಬರುತ್ತಿದ್ದಳು. ಹೆಗಲ ಮೇಲೆ ನಿದ್ದೆ ಹೋದ ಗೋಪಿ. ಇನ್ನೊಂದು ಕೈಯಲ್ಲಿ ಬಟ್ಟೆಯ ಗಂಟು. ಜಲಜಳ ಸೀರೆಗಳು, ಮಗುವಿನ ಅಂಗಿಗಳು, ಎಲ್ಲವೂ ಅದರಲ್ಲಿದ್ದವು.

"ನೀ ಎಂತಕ್ ಬಂದದ್ದ್?" ಮಗ ಕೂಗಿದ.

ಅವಳು ಅವನನ್ನು ದಾಟಿ ಬಂದಳು. ಮಗುವನ್ನು ಸೊಸೆಯ ತೋಳಿಗೆ ಹಾಕಿದಳು. ಗಂಟನ್ನು ಚಂದಯ್ಯನ ಕೈಗೆ ಕೊಟ್ಟಳು.

ಜಲಜಳಿಗೆ ಏನೂ ಅರ್ಥವಾಗಲಿಲ್ಲ. ಬಾಯಿಗೆ ಬಂದದ್ದು ಹಳೆಯ ಹೆದರಿಕೆಯೇ. "ಅತ್ತೆ, ಕಾಡಿಗೆ ಇಳ್ದ್ ಹೋಯ್ತ್. ನಾನ್ ಅಳ್ಬಾರ್ದಿತ್ತ್. ನಂದೇ ತಪ್ಪ್."

ಪ್ರಭಾವತಿ ಸೊಸೆಯ ಕೆನ್ನೆಯ ಕಪ್ಪನ್ನು ನೋಡಿದಳು. ಒರೆಸಲು ಹೋಗಲಿಲ್ಲ.

"ನಂದ್ ಇಪ್ಪತ್ತ್ ವರ್ಷ ಇಳೀಲೇ ಇಲ್ಲೆ, ಒಬ್ಬರಿಗೂ ಗೊತ್ತಾಯ್ಲಿಲ್ಲೆ," ಎಂದಳು. "ನಿಂದ್ ಇಳೀಲಿ ಅಂದೇಳಿಯೇ ಹಚ್ಚಿದ್ದ್, ಮಗಾ."