ಮಾಳಿಗೆ ಫ್ಯಾನು

ಕರೆಂಟು ಹೋದಾಗಲೆಲ್ಲ ಸೊಸೆಯ ಮೂಗಿಗೆ ಸೀಮೆಎಣ್ಣೆಯ ವಾಸನೆ ಬಂದಂತಾಗುತ್ತಿತ್ತು. ಚಿಕ್ಕಂದಿನಲ್ಲಿ ಅಮ್ಮ ಲಾಟೀನಿನ ಗಾಜು ಒರೆಸುತ್ತಿದ್ದ ಬಟ್ಟೆಯ ವಾಸನೆ ಅದು. ಆಗ ಒಂದು ದೀಪ ಹಚ್ಚಿದರೆ ಮುಗಿಯುತ್ತಿತ್ತು. ಇವತ್ತು ಹಾಗಲ್ಲ. ಬಿರುಗಾಳಿಗೆ ಬೀದಿಯ ತಂತಿ ಹರಿದು ಬಿದ್ದಿತ್ತು. ಮಾವನವರಿಗೆ ಆಮ್ಲಜನಕ ಕೊಡುವ ಯಂತ್ರ ಬ್ಯಾಟರಿಯ ಮೇಲೆ ನಡೆಯುತ್ತಿತ್ತು. ಆ ಬ್ಯಾಟರಿ ಈಗ, ನನ್ನ ಕೈಲಾಗದು ಎನ್ನುವಂತೆ, ಕೀಂ ಕೀಂ ಎಂದು ಕೂಗತೊಡಗಿತ್ತು.

ಕೂಗಬಾರದಿತ್ತು. ಇಂಥ ದಿನಕ್ಕೆಂದೇ ಗಂಡ ಮಾಳಿಗೆಯ ಮೇಲೆ ಗಾಳಿಯಂತ್ರ ನಿಲ್ಲಿಸಿದ್ದ. ಮೋಟಾರು ರಿಪೇರಿಯೇ ಅವನ ಕಸುಬು; ಯಂತ್ರ ಕೂರಿಸಿದ ದಿನ ಮನೆಮಂದಿಗೆಲ್ಲ ಪಾಠ ಮಾಡಿದ್ದ. ಗಾಳಿ ರೆಕ್ಕೆ ತಿರುಗಿಸುತ್ತದೆ, ರೆಕ್ಕೆ ಅಯಸ್ಕಾಂತ ತಿರುಗಿಸುತ್ತದೆ, ಅಯಸ್ಕಾಂತ ತಾಮ್ರದ ಸುರುಳಿಗಳ ಮುಂದೆ ಹಾದಾಗ ಕರೆಂಟು ಹುಟ್ಟಿ ಬ್ಯಾಟರಿ ಸೇರುತ್ತದೆ. ಫ್ಯಾನು ಕರೆಂಟು ತಿಂದು ಗಾಳಿ ಕೊಟ್ಟರೆ ಇದು ಗಾಳಿ ತಿಂದು ಕರೆಂಟು ಕೊಡುತ್ತದೆ ಎಂದಿದ್ದ. ಎಲ್ಲರೂ ತಲೆಯಾಡಿಸಿ, ಅದಕ್ಕೆ ಮಾಳಿಗೆ ಫ್ಯಾನು ಎಂದೇ ಹೆಸರಿಟ್ಟಿದ್ದರು.

ಸೊಸೆ ಮೆಟ್ಟಿಲೇರಿ ಓಡಿದಳು. ಹಗ್ಗದ ಮೇಲಿನ ಬಟ್ಟೆಗಳು ಪಟಪಟ ಬಡಿದುಕೊಳ್ಳುತ್ತಿದ್ದವು. ಯಂತ್ರದ ರೆಕ್ಕೆಗಳು ಮಾತ್ರ ಮುನಿಸಿಕೊಂಡವರ ಹಾಗೆ ಸುಮ್ಮನಿದ್ದವು. ಕೆಲಸದ ಜಾಗದಲ್ಲಿದ್ದ ಗಂಡನಿಗೆ ಫೋನ್ ಹಚ್ಚಿದಳು. ದಾರಿಗೆ ಮರ ಉರುಳಿ ಅವನೂ ಬರುವಂತಿರಲಿಲ್ಲ, ಆಮ್ಲಜನಕದ ಸಿಲಿಂಡರೂ ಬರುವಂತಿರಲಿಲ್ಲ.

"ಅಲ್ಲಿ ಗಾಳಿ ಇದೆ ತಾನೇ?" ಎಂದು ಅವನು ಕೇಳಿದ.

"ನನ್ನನ್ನೇ ಹೊತ್ಕೊಂಡು ಹೋಗೋ ಹಾಗಿದೆ. ನಿಮ್ಮ ಫ್ಯಾನು ಮಾತ್ರ ಅಲ್ಲಾಡ್ತಿಲ್ಲ."

"ಹಾಗಾದ್ರೆ ಬ್ರೇಕ್ ಬಿದ್ದಿದೆ. ಮೆಟ್ಟಿಲ ಕೆಳಗಿನ ಸ್ವಿಚ್ಚು ನೋಡು."

ಆ ಸ್ವಿಚ್ಚು ಒತ್ತಿದರೆ ತಂತಿಗಳು ಒಂದಕ್ಕೊಂದು ಕೂಡಿಕೊಂಡು, ಹುಟ್ಟಿದ ಕರೆಂಟೇ ಚಕ್ರದ ಕಾಲು ಹಿಡಿದು ಎಳೆದು ರೆಕ್ಕೆಗಳನ್ನು ನಿಲ್ಲಿಸುತ್ತದೆ. ಇಳಿದು ಬಂದು ನೋಡಿದರೆ ಅದು ಒತ್ತಿಯೇ ಇತ್ತು. ಅದರ ಮೇಲೆ ಗಂಡ ಮೊನ್ನೆ ತಾನೇ ಅಂಟಿಸಿದ್ದ ಚೀಟಿ: 'ಫ್ಯಾನು'. ಸೊಸೆಗೆ ಎಲ್ಲ ತಿಳಿಯಿತು. ಖಾಲಿ ಕೋಣೆಯಲ್ಲಿ ಫ್ಯಾನು ತಿರುಗುವುದನ್ನು ಅತ್ತೆ ಎಂದೂ ಸಹಿಸಿದವರಲ್ಲ. ಮಾಳಿಗೆ ಮೇಲೆ ಯಾರಿದ್ದಾರೆ ಅಂತ ಫ್ಯಾನು ಹಾಕಿದೀರೋ ಎಂದು ಬೆಳಿಗ್ಗೆ ಅವರು ಮೆಟ್ಟಿಲ ಕಡೆಯಿಂದ ಗೊಣಗಿಕೊಂಡು ಬಂದದ್ದೂ ನೆನಪಾಯಿತು.

ಸ್ವಿಚ್ಚು ಎತ್ತಿದಳು. ತುಸು ಹೊತ್ತು ಏನೂ ಇಲ್ಲ. ಆಮೇಲೆ ಮೇಲಿನಿಂದ ಸುಂಯ್ ಎಂಬ ಸದ್ದು ಎದ್ದು, ಏರುತ್ತಾ ಹೋಯಿತು. ಬ್ಯಾಟರಿಯ ಪೆಟ್ಟಿಗೆಯಲ್ಲಿ ಹಸಿರು ದೀಪ ಮಿನುಗಿತು. ಸ್ವಲ್ಪ ಹೊತ್ತಿಗೆ ಬ್ಯಾಟರಿಯ ಕೂಗೂ ನಿಂತಿತು. ಒಳಗೆ ಮಂಚದ ಅಂಚನ್ನು ಬಿಗಿಹಿಡಿದಿದ್ದ ಮಾವನವರ ಬೆರಳುಗಳು ಸಡಿಲಗೊಂಡವು.

"ನನ್ನ ಮಗ ಗಾಳೀನೇ ಕೆಲಸಕ್ಕಿಟ್ಕೊಂಡಿದ್ದಾನೆ," ಎಂದರು ಅವರು, ಮಾತಿನ ನಡುವೆ ಉಸಿರೆಳೆದುಕೊಳ್ಳುತ್ತಾ. "ಸದ್ಯ, ರಜೆ ಮುಗಿಸ್ಕೊಂಡು ಬಂತು."

ಸೊಸೆ ನಗುತ್ತಾ ಗೋಡೆಗೊರಗಿದಳು. ಬಾಗಿಲಲ್ಲಿ ಅತ್ತೆ ನಿಂತಿದ್ದರು. ಸೊಸೆಯ ಕೈ ಯಾವ ಸ್ವಿಚ್ಚಿನ ಮೇಲಿತ್ತೆಂದು ಅವರು ನೋಡಿದ್ದರು; ಮುಖದಲ್ಲಿ ರಕ್ತವಿರಲಿಲ್ಲ. ಫೋನಿನಿಂದ ಗಂಡನ ದನಿ ಇಡೀ ಕೋಣೆಗೆ ಕೇಳುವಂತೆ ಬಂತು.

"ಅದನ್ನ ಆರಿಸಿದ್ದು ಯಾರು?"

"ನಾನೇ ಇರ್ಬೇಕು ಕಣ್ರೀ," ಎಂದಳು ಸೊಸೆ. "ಗುಡಿಸೋವಾಗ ಪೊರಕೆ ತಗುಲ್ತೇನೋ."

"ನಿನ್ನ ಪೊರಕೆಗೂ ಒಂದು ಬ್ರೇಕ್ ಹಾಕಿಸ್ಬೇಕು."

"ಹಾಕ್ಸಿ. ಮೊದ್ಲು ಬಂದು ಆ ಚೀಟಿ ಬದಲಾಯ್ಸಿ."

ಅತ್ತೆ ಬಾಗಿಲು ಬಿಟ್ಟು ಹೋದರು. ಬೆಳಗಿನಿಂದ ಆ ಮನೆಯಲ್ಲಿ ಯಾರೂ ತುತ್ತು ಬಾಯಿಗಿಟ್ಟಿರಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದಾಯಿತು, ಸೌಟಿನ ಸದ್ದಾಯಿತು. ಹಬೆಯಾಡುವ ತಟ್ಟೆ ಹಿಡಿದು ಬಂದವರು, ಸೊಸೆಯ ಕೈಯಿಂದ ಫೋನ್ ತೆಗೆದು ಪಕ್ಕಕ್ಕಿಟ್ಟು, ಆ ಕೈಗೆ ಊಟ ಕೊಟ್ಟರು.